ನೂಲಿ ಮತ್ತು ಮುರಿದ ಅಗುಳಿ

ಬಹಳ ಬಹಳ ಹಿಂದೆ, ಸಾಸಿವೆ ಕಾಳಿಗಿಂತ ಚಿಕ್ಕದೊಂದು ರಾಜ್ಯವಿತ್ತು. ಅದರ ನಡುಗೋಟೆಯಲ್ಲಿ ಎರಡೆಳೆಯ ಉದ್ದನೆಯ ಹಗ್ಗವೊಂದಿತ್ತು. ರಾಜ್ಯದಲ್ಲಿ ಏನೇನು ಆಗಬೇಕೋ ಎಲ್ಲ ಅದರ ಮೇಲೆ ಬರೆದಿತ್ತು. ಹಗ್ಗ ಕೋಟೆ ಬಿಟ್ಟು ಬರುತ್ತಿರಲಿಲ್ಲ. ಲಿಪಿಕಾರರು ಬೇಕಾದ ಭಾಗವನ್ನಷ್ಟೇ ಒಂಟಿ ಎಳೆಯಲ್ಲಿ ನಕಲು ಮಾಡಿ ಹೊರಗೆ ಕಳಿಸುತ್ತಿದ್ದರು. ನಕಲು ಮುಗಿದ ಕೂಡಲೇ ಎಳೆಗೆ ಜೀವ ಬರುತ್ತಿತ್ತು.

ಹಾಗೆ ಒಂದು ಬೆಳಿಗ್ಗೆ ಹುಟ್ಟಿದವಳು ನೂಲಿ. ತಲೆಗೆ ಟೋಪಿ, ಹಿಂದೆ ಬಾಲ. ಬಾಲದ ತುಂಬ ‘ಅ ಅ ಅ ಅ’ ಎಂದು ಒಂದೇ ಅಕ್ಷರ. ಹೊತ್ತು ಹೋದಂತೆ ಅವು ಒಂದೊಂದಾಗಿ ಉದುರುತ್ತಿದ್ದವು. ಎಲ್ಲ ಉದುರಿದರೆ ಎಳೆ ಕರಗಿಹೋಗುತ್ತಿತ್ತು. ಅಷ್ಟರೊಳಗೆ ಬೀಸುಕಲ್ಲಜ್ಜಿ ಅವಳನ್ನು ಓದಬೇಕು. ಓದಿದರೆ ಮೈಮೇಲೆ ಬರೆದದ್ದು ವಸ್ತುವಾಗುತ್ತದೆ. ಏನು ಬರೆದಿದೆಯೋ ನೂಲಿಗೆ ಗೊತ್ತಿರಲಿಲ್ಲ. ತನ್ನನ್ನು ತಾನೇ ಓದಿಕೊಳ್ಳಲು ಯಾವ ಎಳೆಗೂ ಬರುವುದಿಲ್ಲ.

ಅಜ್ಜಿಯೂ ಎಳೆಯೇ. ಸುತ್ತಿ ಸುತ್ತಿ ಎರಡು ಕಲ್ಲಿನಂತಾಗಿದ್ದಳು. ಬಂದ ಎಳೆಯನ್ನು ನಡುವೆ ಎಳೆದುಕೊಂಡು ಮೂರು ಮೂರು ಅಕ್ಷರ ಓದುವಳು. ಪ್ರತಿ ಮೂರಕ್ಕೂ ಕೊಕ್ಕೆಯಂತೆ ಮಡಿಚಿಕೊಂಡ ಎಳೆಯಾಳುಗಳು ಒಂದೊಂದು ಮಣಿ ತಂದುಕೊಡುವರು. ಆದರೆ ಅಂದು ಹೊರಬಂದ ಮಣಿಮಾಲೆಗಳೆಲ್ಲ ಹುಳುಗಳಾಗಿ ರಾಜ್ಯದ ಗೋಡೆ ಕಡಿಯುತ್ತಿದ್ದವು.

“ಇದೇನಣ್ಣ?” ಎಂದಳು ನೂಲಿ.

“ಪಡುವಣ ಬಾಗಿಲ ಅಗುಳಿ ಮುರಿದಿತ್ತಲ್ಲ, ಮಾಂತ್ರಿಕ ಗರಳ ಕಳ್ಳ ಎಳೆ ನುಗ್ಗಿಸಿದ್ದಾನೆ,” ಎಂದ ಮಣಿ ಹೊತ್ತ ಕೊಕ್ಕೆಯಣ್ಣ. “ಅಜ್ಜಿ ಮುಂದೆ ಅವರ ಸಾಲು ನೋಡಿದೆಯಾ? ನಿನ್ನ ಸರದಿ ಬರೋ ಹೊತ್ತಿಗೆ ನಿನಗೆ ಬಾಲ ಇರೋದಿಲ್ಲ ತಂಗಿ.”

“ಅಜ್ಜೀ, ಕಳ್ಳರನ್ನು ಯಾಕೆ ಓದುತ್ತೀಯ?”

“ಬಂದದ್ದನ್ನು ಓದೋದೇ ನನ್ನ ಕೆಲಸ ಮಗಾ. ಗುರುತು ಯಾವುದು, ನೀನೇ ಹೇಳು.”

ನೂಲಿ ಗುರುತು ಹುಡುಕಿದಳು. ಕಳ್ಳರಿಗೆ ಟೋಪಿ ಇರಲಾರದು ಎಂದು ಮೊದಲು ತಲೆ ನೋಡಿದಳು. ಟೋಪಿ ಇತ್ತು.

“ನಮ್ಮವರಿಗೇ ಟೋಪಿ ಹಾಕಿ, ಅವರ ಟೋಪಿಯನ್ನೇ ಕಿತ್ತುಕೊಂಡಿದ್ದಾರೆ ಕಣೇ!” ಎಂದು ಕೊಕ್ಕೆಯಣ್ಣ ನಕ್ಕ.

ಬಾಲ ನೋಡಿದಳು. ಬಾಲವೂ ಇತ್ತು. ಅಷ್ಟರಲ್ಲಿ ಅವಳದೇ ಬಾಲ ಅರ್ಧ ಉದುರಿತ್ತು.

ಮೂರನೆಯ ಸಲ, ಸಾಲು ಬಿಟ್ಟು ಜಾರಿದ ಒಬ್ಬ ಕಳ್ಳನ ಹಿಂದೆ ಹೋದಳು. ಸರದಿ ಹೋದರೂ ಹೋಗಲಿ ಎಂದುಕೊಂಡಳು. ಮೂಲೆಯಲ್ಲಿ ಆತ ತನ್ನ ಜೊತೆಗಾರನನ್ನು ಹೆಣೆಯುತ್ತಿದ್ದ. ತನ್ನ ಮೈಯಲ್ಲಿ ‘ಅ’ ಇದ್ದಲ್ಲಿ ಅವನಿಗೆ ‘ಉ’, ‘ಗ’ ಇದ್ದಲ್ಲಿ ‘ಸ’. ಮುಗಿದೊಡನೆ ಇಬ್ಬರೂ ಹೊಸೆದುಕೊಂಡು ಒಂದಾದರು.

ಕೋಟೆಯ ಹೊರಗೆ ಜೋಡಿ ಎಳೆ! ನೂಲಿ ಕಂದಕಕ್ಕೆ ಓಡಿದಳು. ಅಲ್ಲಿ ಜೋಡಿ ಎಳೆ ಸಿಕ್ಕರೆ ಕತ್ತರಿಸುವ ಕುರುಡು ಏಡಿಯಿತ್ತು.

“ಒಂಟಿ ಎಳೆ ನನಗೆ ರುಚಿಸೋದಿಲ್ಲ, ಹೋಗು,” ಎಂದಿತು ಏಡಿ.

“ಜೋಡಿ ತೋರಿಸಿದರೆ?”

ಏಡಿ ಎದ್ದು ನಿಂತಿತು.

ಅದು ಜೋಡಿಯನ್ನು ತುಂಡು ತುಂಡಾಗಿ ಕತ್ತರಿಸಿತು. ಒಂದು ತುಂಡಿನ ಒಂದೆಳೆಯನ್ನು ಎಸೆದು, ಇನ್ನೊಂದನ್ನು ಇಕ್ಕಳದಲ್ಲಿ ಹಿಡಿದು ಸಾಲಿನುದ್ದಕ್ಕೂ ತಡವುತ್ತ ಬಂತು. ತುಂಡು ಯಾರಿಗೆ ಅಕ್ಷರಕ್ಕೆ ಅಕ್ಷರ ಜೋಡಿಯಾಗಿ ಅಂಟಿತೋ ಅವರನ್ನು ಅಲ್ಲೇ ಕತ್ತರಿಸಿತು. ನೂಲಿಯ ಮೈಯನ್ನೂ ತಡವಿತು. ತುಂಡು ಅಂಟಲಿಲ್ಲ.

“ಇವಳಲ್ಲ,” ಎಂದು ಏಡಿ ಮುಂದೆ ಹೋಯಿತು.

ಸಾಲು ಬರಿದಾಯಿತು. ನೂಲಿಯ ಬಾಲದಲ್ಲಿ ಉಳಿದದ್ದು ಕೆಲವೇ ಅಕ್ಷರ.

“ದಾರಿ ಬಿಡ್ರೋ!” ಎಂದು ಕೊಕ್ಕೆಯಣ್ಣ ಕೂಗಿದ.

“ಅ, ಉ, ಗ,” ಎಂದು ಅಜ್ಜಿ ಓದತೊಡಗಿದಳು. ಮಣಿಗೆ ಮಣಿ ಸೇರಿತು. ಮಾಲೆ ತಾನಾಗಿ ಮಡಿಚಿಕೊಂಡಿತು.

“ನಾನು ಏನು ಅಜ್ಜೀ?”

“ಅಗುಳಿ ಕೂಸೇ. ಪಡುವಣ ಬಾಗಿಲ ಅಗುಳಿ.”

ಅಗುಳಿ ಹೋಗಿ ಬಾಗಿಲಿಗೆ ಬಿತ್ತು. ತನ್ನ ಎಳೆಗಳನ್ನು ಓದುವವರು ಸಿಗದೆ ಗರಳ ಹೊರಗೇ ಜೀವವಿಲ್ಲದ ಧೂಳಾಗಿ ಉಳಿದ. ನೂಲಿಯ ಕೊನೆಯ ‘ಅ’ ಉದುರಿ ಅವಳ ಎಳೆ ಕರಗಿತು. ಅವಳ ಅಕ್ಷರಗಳನ್ನು ಲಿಪಿಕಾರರು ಆಯ್ದುಕೊಂಡು, ಮರುದಿನ ಹುಟ್ಟಿದ ಎಳೆಗಳಲ್ಲಿ ಬಳಸಿದರು.

ಗೋಡೆಗಳು ಮತ್ತೆ ಎದ್ದವು, ಎಲ್ಲರೂ ಸುಖವಾಗಿದ್ದರು. ಆ ಅಗುಳಿಯನ್ನು ಅಲ್ಲಿಯವರು ಇಂದಿಗೂ ನೂಲಿ ಎಂದೇ ಕರೆಯುತ್ತಾರೆ.