ವಲೆಟ್ಟಾದ ಕರಿಮಣಿ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ತನಗೆ ಈ ಜನ್ಮದಲ್ಲಿ ಲೋಕಲ್ ಟ್ರೇನಿನ ಕಿಟಕಿ ಸೀಟು ಸಿಗದಿರಲಿ ಎಂದು ಸದಾನಂದ ಆಣೆ ಹಾಕಿದ್ದಾನೆ. ಮುಂಬಯಿಯಲ್ಲಿ ಇದಕ್ಕಿಂತ ದೊಡ್ಡ ಆಣೆ ಇಲ್ಲ.

ಮಾಟುಂಗದ ಆ ಹಳೇ ಬಿಲ್ಡಿಂಗಿಗೆ ಸದಾನಂದ ಸೆಕ್ರೆಟರಿ, ನೆಲಮಹಡಿಯ ಸೇವಂತಿಯಕ್ಕ ಪತ್ತೇದಾರಿಣಿ. ಅವನನ್ನು ಸೊಸೈಟಿ ಆರಿಸಿತ್ತು, ಅವಳನ್ನು ಯಾರೂ ಆರಿಸಿರಲಿಲ್ಲ. ಮೂವತ್ತು ವರ್ಷ ಉಡುಪಿ ಹೋಟೆಲೊಂದರ ಅಡುಗೆಮನೆ ಆಳಿದವಳು. ಟೆರೇಸಿನ ನೀರಿನ ಟಾಕಿಯ ನಲ್ಲಿ ಕದ್ದವನು ಮಿಡಿ ಉಪ್ಪಿನಕಾಯಿ ತಿಂದಿದ್ದಾನೆಂದು ಲಿಫ್ಟಿನ ಗಾಳಿ ಮೂಸಿಯೇ ಹೇಳಿ, ಅವನನ್ನು ಧಾರಾವಿಯ ಗುಜರಿ ಅಂಗಡಿಯಲ್ಲಿ ನಲ್ಲಿ ಸಮೇತ ಹಿಡಿಸಿದ್ದಳು. ಸದಾನಂದ ಆಗ ಜೊತೆಯಲ್ಲಿದ್ದ. ನಲ್ಲಿ ಹೊತ್ತು ತಂದವನು ಅವನೇ.

ಒಂದು ಭಾನುವಾರ ಬೆಳಿಗ್ಗೆ ಸದಾನಂದ ಅವಳ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ, ಬಾಗಿಲಲ್ಲಿ ಅಡುಗೆಯ ಶಿವಪುತ್ರ ಬಂದು ನಿಂತ. ಸಿಂದಗಿ ಕಡೆಯವನು, ಆರಡಿ ಆಳು. ಅಂದು ಮಾತ್ರ ನಾಲ್ಕಡಿಯಷ್ಟೇ ಇದ್ದ.

"ಅಕ್ಕಾರ, ನಾ ಕಳ್ಳ ಅಲ್ರಿ."

"ಮೊದಲು ಚಾ ಕುಡಿ. ಅದನ್ನು ಆಮೇಲೆ ನೋಡುವ," ಎಂದಳು ಸೇವಂತಿ.

ಮುಂಬಯಿಯ ಟೂರಿನವರು ಯುರೋಪಿಗೆ ಹೋಗುವಾಗ ಪಾಸ್‌ಪೋರ್ಟಿನಷ್ಟೇ ಜೋಪಾನವಾಗಿ ಅಡುಗೆಯವನನ್ನೂ ಒಯ್ಯುತ್ತಾರೆ. ಹಾಗೆ ನಲವತ್ತು ಮಂದಿಯ ಜೊತೆ ಶಿವಪುತ್ರ ಮಾಲ್ಟಾ ದ್ವೀಪದ ವಲೆಟ್ಟಾಗೆ ಹೋಗಿದ್ದ. ಮೆಡಿಟರೇನಿಯನ್ ಕಡಲಂಚಿನ ಹಳೇ ಕೋಟೆ ಪಟ್ಟಣ. ಒಂದು ದಿನ ಉಳಿದವರೆಲ್ಲ ಗುಹೆ ನೋಡಲು ಹೋದರು. ಇದೇ ಬಿಲ್ಡಿಂಗಿನ ಮೂರನೇ ಮಹಡಿಯ ಹೋಟೆಲ್ ಮಾಲೀಕ ದೇವಾನಂದ ಮತ್ತು ಅವನ ಹೆಂಡತಿ ಲಾವಣ್ಯಾ, ಮದುವೆಯಾಗಿ ಇಪ್ಪತ್ತೈದು ವರ್ಷವಾದ ಖುಷಿಗೆ, ಇಬ್ಬರೇ ಊರು ಸುತ್ತಲು ಉಳಿದರು. ಸಂಜೆಯ ಉಪ್ಪಿಟ್ಟಿನ ಡಬ್ಬಿ ರೂಮಿನಲ್ಲಿಡಲು ಶಿವಪುತ್ರನಿಗೆ ಕೀ ಕೊಟ್ಟಿದ್ದರು. ರಾತ್ರಿ ಊಟದ ಹೊತ್ತಿಗೆ ಲಾವಣ್ಯಾಳ ಕರಿಮಣಿ ಸರ ಇರಲಿಲ್ಲ. ಬೆಳಿಗ್ಗೆ ಸ್ನಾನಕ್ಕೆ ಬಿಚ್ಚಿಟ್ಟು ಮರೆತಿದ್ದಾಳೆ, ಕೀ ಇದ್ದವನು ಎತ್ತಿದ್ದಾನೆ ಎಂದು ದೇವಾನಂದ ಕೂಗಾಡಿದ.

"ಬಸ್ಸಿನ್ಯಾಗ ನಲವತ್ತು ಮಂದಿ ಮುಂದ ನನ್ನ ಚೀಲಾ ಝಾಡಿಸಿದ್ರು. ಚಡ್ಡಿ, ಬನಿಯಾನ ಸುದ್ದಾ. ಏನೂ ಸಿಗಲಿಲ್ಲ, ಅಲ್ಲೇ ಎಲ್ಲೋ ಮಾರ್ಯಾನ ಅಂದ್ರು. ಈಗ ಮಾಟುಂಗಾದಾಗ ಯಾರೂ ಒಲಿ ಮುಂದ ನಿಂದ್ರಸವಲ್ರು. ಕೆಲಸಾ ಹೋಗ್ಲಿ ಅಕ್ಕಾರ. ಆ ನಲವತ್ತು ಮಂದಿ ಮುಂದ ಯಾರರ ಹೇಳಬೇಕ್ರಿ, ಇಂವ ಕಳ್ಳ ಅಲ್ಲಂತ. ಅಷ್ಟ ಸಾಕು."

"ಊಟಕ್ಕೆ ಬರುವಾಗ ಅವಳ ಕುತ್ತಿಗೆ ಬೋಳಾ?"

"ಇಲ್ರಿ, ಅರಿಶಿಣ ಕೊಂಬಿನ ದಾರ ಇತ್ತು. ಯಾರೋ ಬಾಯಾರು ಅದನ್ನ ನೋಡಿ ಕೇಳಿದ ಮ್ಯಾಲೇ ದೇವಾನಂದ ಶೇಟ್‌ಗೆ ಗೊತ್ತಾತು."

ಸರ ಕಳಚಬೇಕಾಗಿ ಬಂದರೆ, ಮೊದಲು ಅರಿಶಿನದ ಕೊಂಬು ಕಟ್ಟಿದ ಹಳದಿ ದಾರ ಕೊರಳಿಗೆ ಬೀಳಬೇಕು. ಮುತ್ತೈದೆಯ ಕೊರಳು ಅರೆಗಳಿಗೆಯೂ ಖಾಲಿ ಇರಕೂಡದು. ಇದನ್ನು ಸದಾನಂದನೂ ಬಲ್ಲ.

"ಕೊಂಬು ನೀನು ಕೊಟ್ಟದ್ದಾ?"

"ನನ್ನ ಹಂತ್ಯಾಕ ಕೊಂಬು ಎಲ್ಲಿಂದ್ರಿ? ಪುಡಿ ಅಷ್ಟ ಒಯ್ದಿದ್ದೆ."

ಸೇವಂತಿ ಸದಾನಂದನ ಮುಖ ನೋಡಿದಳು. ಅವನು ಎಲ್ಲ ಅರ್ಥವಾದವನಂತೆ ತಲೆಯಾಡಿಸಿದ. ಹನ್ನೊಂದು ವರ್ಷದಿಂದ ಹಾಗೆಯೇ ಆಡಿಸುತ್ತಿದ್ದ.

ಶಿವಪುತ್ರನನ್ನು ಮೆಟ್ಟಿಲ ಮೇಲೆ ಕೂರಿಸಿ ಇಬ್ಬರೂ ಮೂರನೇ ಮಹಡಿಯ ಬೆಲ್ ಒತ್ತಿದರು. "ಟೂರಿನ ಫೋಟೋ ತೋರಿಸಿ ಮಾರಾಯ್ರೆ," ಎಂದಳು ಸೇವಂತಿ. ಯುರೋಪಿನಿಂದ ಬಂದು ಹತ್ತು ದಿನವಾದ ಯಾವ ಗಂಡಸೂ ಈ ಮಾತಿಗೆ ಇಲ್ಲ ಎಂದದ್ದಿಲ್ಲ. ದೇವಾನಂದ ಗೋಡೆಯಗಲದ ಟೀವಿಗೆ ಫೋನು ಸೇರಿಸಿದ. ಲಾವಣ್ಯಾ ಚಹಾ ಕೊಟ್ಟು, ಫ್ರಿಜ್ಜಿನ ಪಕ್ಕದ ಕುರ್ಚಿಯಲ್ಲಿ ಕುಳಿತಳು. ಫ್ರಿಜ್ಜಿನ ಬಾಗಿಲಲ್ಲಿ ಕಣ್ಣು ಬರೆದ ಮಾಲ್ಟಾದ ಪುಟ್ಟ ದೋಣಿಯ ಮ್ಯಾಗ್ನೆಟ್ಟುಗಳು ಎರಡಿದ್ದವು. ಒಂದೇ ಅಚ್ಚು, ಒಂದರ ನೀಲಿ ಮಾತ್ರ ಬಿಸಿಲಿಗೆ ಬಿಳಿಚಿತ್ತು. ಸದಾನಂದ ಅದನ್ನು ನೋಡಿದ, ನೋಡಿ ಚಕ್ಕುಲಿ ತಿಂದ.

"ಆ ಒಂದೇ ದಿನದ್ದು ಇನ್ನೂರ ಹನ್ನೆರಡು ಫೋಟೋ," ಎಂದ ದೇವಾನಂದ. "ಇವಳದ್ದೇ ಹಟ, ವಲೆಟ್ಟಾನೇ ನೋಡಬೇಕಂತ. ನಾನೂ ಮೊದಲನೇ ಸಲ ನೋಡಿದ್ದು."

ಜೇನು ಬಣ್ಣದ ಕಲ್ಲಿನ ಮನೆಗಳು, ಹಸಿರು ಮರದ ಬಾಲ್ಕನಿಗಳು, ಕಡಲಿಗೇ ಇಳಿದುಹೋಗುವಂತಿದ್ದ ಮೆಟ್ಟಿಲ ಬೀದಿಗಳು ಬಂದವು. ಎಲ್ಲದರಲ್ಲೂ ಲಾವಣ್ಯಾ ಬೆನ್ನು ತಿರುಗಿಸಿ ನಿಂತಿದ್ದಳು. ಈಗ ಫೋಟೋ ತೆಗೆಸುವ ಫ್ಯಾಷನ್ನೇ ಹಾಗಂತೆ.

"ಇದು ಹತ್ತು ಗಂಟೆಗೆ, ಊರ ಬಾಗಿಲು. ದುಪಟ್ಟಾ ಹಾರಿ ಹೋಯ್ತು ನೋಡಿ! ಇದು ಬೀದಿ ಮೂಲೆ. ಮೊದಲು ಇಲ್ಲೊಂದು ಒಳ್ಳೇ ಐಸ್‌ಕ್ರೀಮ್ ಅಂಗಡಿ ಇತ್ತು, ಈಗ ಮೊಬೈಲಿನವನು ಬಂದಿದ್ದಾನೆ. ಇದು ದೋಣಿ, ಆಚೆ ದಡಕ್ಕೆ ಹೋಗುವಾಗ. ಬರುವಾಗ ನನಗೆ ನಿದ್ದೆ ಹತ್ತಿತು. ಇದು ಕೋಟೆ ಮೇಲೆ; ಸರಿಯಾಗಿ ನಾಲ್ಕಕ್ಕೆ ತೋಪು ಹಾರಿಸ್ತಾರೆ, ಹೊಗೆ ನೋಡಿ."

"ನಿಲ್ಲಿಸಿ," ಎಂದಳು ಸೇವಂತಿ. "ಸದಾನಂದ, ಶಿವಪುತ್ರನನ್ನು ಕರಿ."

"ಅವನನ್ನಾ? ನನ್ನ ಮನೆಗಾ?" ದೇವಾನಂದ ಎದ್ದ.

"ನಲವತ್ತು ಮಂದಿ ಮುಂದೆ ಚೀಲ ಕೊಡವಿದವರು, ನಾಲ್ಕು ಮಂದಿ ಮುಂದೆ ಹೆದರುವುದೆಂತಕ್ಕೆ? ಕೂತ್ಕೊಳ್ಳಿ."

ಶಿವಪುತ್ರ ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲೇ ನಿಂತ. ಸೇವಂತಿ ಟೀವಿಯ ಹತ್ತಿರ ಹೋಗಿ, ಇಡ್ಲಿ ಬೆಂದಿದೆಯೇ ಎಂದು ನೋಡುವವಳಂತೆ ಪರದೆಗೆ ಬೆರಳಿಟ್ಟಳು.

"ಹತ್ತು ಗಂಟೆಯ ಫೋಟೋ ದೊಡ್ಡದು ಮಾಡಿ. ದುಪಟ್ಟಾ ಹಾರಿದಲ್ಲಿ, ಕತ್ತಿನ ಹಿಂದೆ ಕಪ್ಪು ಮಣಿ ಉಂಟು. ಅಂದರೆ ಸರ ಬಾತ್‌ರೂಮಿನಲ್ಲಿ ಉಳಿಯಲಿಲ್ಲ, ಇವಳ ಜೊತೆಗೇ ಹೊರಟಿತು. ಈಗ ನಾಲ್ಕು ಗಂಟೆಯದ್ದು. ಅದೇ ಕತ್ತು, ಮಣಿ ಇಲ್ಲ, ಹಳದಿ ದಾರ. ಇವರಿಬ್ಬರೂ ಕೋಟೆ ಮೇಲೆ. ಇವನ ಹತ್ತಿರ ಇದ್ದದ್ದು ಖಾಲಿ ರೂಮಿನ ಕೀ."

"ದಾರಿಯಲ್ಲಿ ಬಿದ್ದಿರಬಹುದಲ್ಲ?" ದೇವಾನಂದನ ದನಿ ಸಣ್ಣದಾಗಿತ್ತು.

"ಬಿದ್ದ ಕೂಡಲೇ ಕಟ್ಟಿಕೊಳ್ಳಲು ವಲೆಟ್ಟಾದಲ್ಲಿ ಅರಿಶಿನದ ಕೊಂಬು ಯಾವ ಅಂಗಡಿಯಲ್ಲಿ ಸಿಗ್ತದೆ? ಅಡುಗೆಯವನ ಹತ್ತಿರವೂ ಪುಡಿ ಮಾತ್ರ. ಕೊಂಬು ಇಲ್ಲಿಂದಲೇ ಇವಳ ಪರ್ಸಿನಲ್ಲಿ ಹೋಯಿತು. ಸರ ಕಳಚುತ್ತದೆಂದು ಮಾಟುಂಗದಲ್ಲೇ ಗೊತ್ತಿತ್ತು. ಸರ ಬೇಡ, ಆದರೆ ಬೋಳು ಕುತ್ತಿಗೆಗೆ ಹೆದರಿಕೆ. ನಮ್ಮ ಹೆಂಗಸರ ಹಣೆಬರಹ."

ಸೇವಂತಿ ದೇವಾನಂದನತ್ತ ತಿರುಗಿದಳು.

"ಯಾಕೆ ಅಂತಲೂ ಹೇಳ್ತೇನೆ. ಮೊದಲನೇ ಸಲ ಹೋದವನಿಗೆ ಐಸ್‌ಕ್ರೀಮ್ ಅಂಗಡಿ ಎಲ್ಲಿತ್ತೆಂದು ಹೇಗೆ ಗೊತ್ತು, ದೇವಾನಂದರೇ? ಹತ್ತು ದಿನದ ಮ್ಯಾಗ್ನೆಟ್ಟಿಗೆ ಇಷ್ಟು ಬಿಸಿಲು ಯಾವಾಗ ಬಿತ್ತು?"

ದೇವಾನಂದ ಫ್ರಿಜ್ಜಿನ ಕಡೆ ತಿರುಗಿದ. ತನ್ನ ಮನೆಯ ಫ್ರಿಜ್ಜನ್ನು ಮೊದಲ ಬಾರಿಗೆ ನೋಡುತ್ತಿರುವಂತಿತ್ತು.

"ಒಂದು ವರ್ಷದಿಂದ ಅಲ್ಲೇ ಇದೆ," ಎಂದಳು ಲಾವಣ್ಯಾ. "ಇವರ ಸೂಟ್‌ಕೇಸಿನ ಲೈನಿಂಗಿನಲ್ಲಿ ಸಿಕ್ಕಿತು, ಎರಡು ದೋಣಿ ಟಿಕೇಟಿನ ಜೊತೆ. ಮೂರು ವರ್ಷದ ಹಿಂದೆ ದುಬೈಗೆ ಹೋಗ್ತೇನೆ ಅಂತ ಹೋಗಿದ್ದರಲ್ಲ, ಆಗಿನದ್ದು. ಇವರ ಕಣ್ಣೆದುರಿಗೇ ಅಂಟಿಸಿದೆ. ದಿನಾ ಅದೇ ಬಾಗಿಲು ತೆಗೆದು ನೀರು ಕುಡಿದರು, ಕಾಣಲಿಲ್ಲ."

"ಲಾವಣ್ಯಾ, ಅದು..."

"ಅವತ್ತು ಮ್ಯಾಪ್ ಇಲ್ಲದೆ ಬೀದಿ ಬೀದಿ ತೋರಿಸಿದರು ಅಕ್ಕ. ಎಲ್ಲಿ ನೆರಳಿದೆ, ಎಲ್ಲಿ ಒಳ್ಳೇ ಕಾಫಿ, ಎಲ್ಲ ಗೊತ್ತಿತ್ತು. ನನ್ನ ಕೈ ಹಿಡಿದು ನಡೆದರು, ಇಪ್ಪತ್ತೈದು ವರ್ಷದಲ್ಲಿ ಹಿಡಿಯದವರು. ಆ ಕೈಗೆ ಆ ಊರಿನ ಅಭ್ಯಾಸ ಇತ್ತು. ಬರುವಾಗ ಅದೇ ದೋಣಿಯಿಂದ ಸರ ಕಡಲಿಗೆ ಬಿಟ್ಟೆ. ಶಬ್ದವೂ ಆಗಲಿಲ್ಲ. ಆಮೇಲೂ ಎಂಬತ್ತು ಫೋಟೋ ತೆಗೆದರು, ದಾರ ಕಾಣಲಿಲ್ಲ."

ಸದಾನಂದ ಚಕ್ಕುಲಿಯನ್ನು ಸದ್ದಾಗದಂತೆ ತಟ್ಟೆಗೆ ವಾಪಸು ಇಟ್ಟ. ಅವನ ಜೀವನದಲ್ಲಿ ಅದು ಮೊದಲು.

ಲಾವಣ್ಯಾ ಬಾಗಿಲಿನತ್ತ ನೋಡಿದಳು. "ಶಿವಪುತ್ರ, ನಿನ್ನ ಹೆಸರು ನಾನು ಹೇಳಲಿಲ್ಲ."

"ಅಲ್ಲಂತನೂ ಹೇಳಲಿಲ್ಲರೀ ಬಾಯಾರ," ಎಂದ ಶಿವಪುತ್ರ. "ಚೀಲಾ ಝಾಡಿಸುವಾಗ ಮುಂದಿನ ಸೀಟಿನ್ಯಾಗ ಕುಂತಿದ್ರಿ."

ಲಾವಣ್ಯಾ ತಲೆ ತಗ್ಗಿಸಿದಳು. ಹಳದಿ ದಾರ ಇನ್ನೂ ಕೊರಳಲ್ಲೇ ಇತ್ತು.

ಸೇವಂತಿ ದೇವಾನಂದನ ಫೋನನ್ನು ಅವನ ಕೈಗಿಟ್ಟಳು. "ಟೂರಿನ ವಾಟ್ಸಾಪ್ ಗ್ರೂಪ್ ಇದರಲ್ಲೇ ಉಂಟಲ್ಲ. ನಲವತ್ತು ಮಂದಿಗೆ ಒಂದು ಸಾಲು ಬರೆಯಿರಿ. ಶಿವಪುತ್ರ ಕಳ್ಳ ಅಲ್ಲ, ಅಷ್ಟೇ."

ದೇವಾನಂದ ಫೋನು ನೋಡಿದ, ಹೆಂಡತಿಯನ್ನು ನೋಡಿದ. ಹೋಟೆಲಿನವನ ನಗು ಮೆಲ್ಲಗೆ ಅವನ ಮುಖಕ್ಕೆ ಮರಳಿತು. ಫೋನನ್ನು ಜೇಬಿಗೆ ಹಾಕಿಕೊಂಡ.

"ಬರೆದರೆ ಯಾಕೆ, ಹೇಗೆ ಅಂತ ಎಲ್ಲರೂ ಕೇಳ್ತಾರೆ ಅಕ್ಕ. ಬಿಲ್ಡಿಂಗಿನಲ್ಲಿ ಮರ್ಯಾದೆ ಅಂತ ಒಂದುಂಟು. ನೋಡು ಶಿವಪುತ್ರ, ನೀನು ನಮ್ಮ ಮನೆಯವನ ಹಾಗೆ. ಈ ಮಾತು ಈ ನಾಲ್ಕು ಗೋಡೆಯೊಳಗೇ ಇರಲಿ. ನಾಳೆಯಿಂದ ನನ್ನ ಹೋಟೆಲಿಗೇ ಬಾ. ಬೇಕಾದರೆ ಮುಂದಿನ ಟೂರಿಗೆ ನಿನ್ನನ್ನೇ ಹೆಡ್ ಕುಕ್ ಮಾಡಿ, ಎಲ್ಲರೆದುರು ನಾನೇ ನಿನಗೆ..."

ಶಿವಪುತ್ರನ ಚಪ್ಪಲಿಯ ಸದ್ದು ಆಗಲೇ ಎರಡನೇ ಮಹಡಿ ದಾಟಿತ್ತು.