ಬೆರಾಕಿನ್ ದಿಣ್ಣೆಯ ಮುಳ್ಳುಜಾಲಿ

ಬೆರಾಕಿನ್ ಊರಾಚೆಯ ದಿಣ್ಣೆಯ ಮೇಲೆ ಕಣ್ಣಿಗೆ ಬಿದ್ದದ್ದು ಅಗೆದ ಗುಂಡಿಗಳಷ್ಟೇ.

ಕಾನ್‌ಸ್ಟೆಬಲ್ ಡೀನ್ ರಡ್ಜ್ ಬಗ್ಗಿ ನೋಡಿದ. ಹೋದ ವಾರದವರೆಗೆ ಈ ಕೆಂಪು ಗರಸು ಮಣ್ಣಿನಲ್ಲಿ ಮೊಣಕಾಲೆತ್ತರದ ಮುಳ್ಳುಜಾಲಿ ಪೊದೆಗಳಿದ್ದವು. ಭೂಮಿಯ ಮೇಲೆ ಬೇರೆಲ್ಲೂ ಇಲ್ಲದ ಜಾತಿ. ಗೋಧಿ ಹೊಲಕ್ಕೂ ರಸ್ತೆಗೂ ನಡುವೆ ಉಳಿದ ಈ ಚೂರು ಕುರುಚಲು ಕಾಡೇ ಅವುಗಳ ನೆಲೆ.

"ಯಾರ ಮೇಲಾದ್ರೂ ಅನುಮಾನ ಇದೆಯಾ?"

ದೂರು ಕೊಟ್ಟವರು ಈನಿಡ್ ಮಾರ್ಚೆಂಟ್. ನಿವೃತ್ತ ಟೀಚರ್, ಈ ಗಿಡವನ್ನು ಮೊದಲು ಗುರುತಿಸಿದವರೇ ಅವರು. ಬೇಲಿಯಾಚೆ ಬ್ಯಾರಿ ಸ್ಟೋಕ್ಸ್‌ನ ಹೊಲದ ಕಡೆ ನೋಡಿದರು, ಅಷ್ಟೆ.

ಡೀನ್‌ಗೆ ಅಷ್ಟೇ ಸಾಕಾಯಿತು. ಈ ಪೊದೆಗಳ ದೆಸೆಯಿಂದ ಬ್ಯಾರಿಗೆ ಹೊಲದ ಗೇಟು ಅಗಲ ಮಾಡಲು ಅನುಮತಿ ಸಿಕ್ಕಿರಲಿಲ್ಲ. "ಒಂದಿನ ಬೇರುಸಮೇತ ಕಿತ್ತು ಬಿಸಾಕ್ತೀನಿ" ಎಂದು ಬಾರ್‌ನಲ್ಲಿ ಅವನು ಕೂಗಾಡಿದ್ದನ್ನು ಊರೇ ಕೇಳಿತ್ತು. ಡೀನ್ ಅವನ ಹೊಲಕ್ಕೆ ಹೋಗಿ ನೋಡಿದರೆ ಕೈತುಂಬ ಗೀರು!

"ಇದೇನ್ರೀ ಕೈಗೆ?"

"ಮುಳ್ಳುತಂತಿ, ಮಾರಾಯ! ಟಗರು ಬೇಲಿ ಮುರಿದಿತ್ತು."

"ಟಗರೋ? ಮುಳ್ಳುಜಾಲಿಯೋ?"

"ಬಾರ್‌ನಲ್ಲಿ ಅಂದಿದ್ದನ್ನೆಲ್ಲ ಮಾಡಿದ್ರೆ ನಾನೀಗ ಪ್ರಧಾನಿ ಆಗಿರ್ತಿದ್ದೆ."

ಮಧ್ಯಾಹ್ನ ಪರ್ತ್‌ನಿಂದ ವನ್ಯಜೀವಿ ಇಲಾಖೆಯ ತನಿಖಾಧಿಕಾರಿ ಗ್ಲೆನಿಸ್ ಬಂದಳು. ಬ್ಯಾರಿಯ ಕೈಯನ್ನು ಅವಳು ನೋಡಲೇ ಇಲ್ಲ. ಮೂವರನ್ನೂ ಜೊತೆಗೆ ಕರೆದುಕೊಂಡು ದಿಣ್ಣೆಯನ್ನು ಸುತ್ತಿದಳು. ಗುಂಡಿಗಳ ನಡುವೆ ಒಂದು ಮುಳ್ಳುಪೊದೆ ಹಾಗೇ ನಿಂತಿತ್ತು—ಸುತ್ತ ಒಂದು ಹಳೆಯ ಟೈರು.

"ಬ್ಯಾರಿ, ಕಳುವಾದ ಗಿಡ ಹೇಗಿತ್ತು?"

"ಹೀಗೇ!" ಅವನು ಟೈರಿನತ್ತ ಬೆರಳು ತೋರಿಸಿದ. "ಎಲ್ಲಾ ಹೋಯ್ತು ಅಂತೀರಿ, ಇಲ್ಲೇ ಇದೆಯಲ್ಲ? ಕಳೆನಾಶಕ ತಾಗದೆ ಇರ್ಲಿ ಅಂತ ನಾನೇ ಟೈರ್ ಇಟ್ಟಿದ್ದೆ. ಸತ್ರೆ ಟೀಚರ್ ನನ್ನನ್ನ ಬಿಡ್ತಾರಾ?"

ಡೀನ್ ತಬ್ಬಿಬ್ಬಾದ. ಅವನ ಕಣ್ಣಿಗೂ ಅದು ಅದೇ ಗಿಡ. ಹಾಗಾದರೆ ಕಳುವಾಗಿದ್ದೇನು? ಕಳ್ಳ ಇದನ್ನೇಕೆ ಬಿಟ್ಟ?

"ನಾಟಕ ಇರಬಹುದಲ್ವಾ?" ಎಂದು ಗ್ಲೆನಿಸ್‌ಳ ಕಿವಿಯಲ್ಲಿ ಕೇಳಿದ.

"ಟೈರಿನೊಳಗೆ ಹುಲ್ಲು ಬೆಳೆದು ಒಣಗಿದೆ ನೋಡಿ. ಇವತ್ತಿನ ನಾಟಕಕ್ಕೆ ಹೋದ ವರ್ಷವೇ ಟೈರ್ ಇಡ್ತಾರಾ?"

ಅವಳು ಮಂಡಿಯೂರಿ ಒಂದು ಟೊಂಗೆ ಹಿಡಿದಳು. "ಇದು ಮಾಮೂಲಿ ಜಾತಿ. ಇದರ ಎಲೆಯ ತುದಿ ಮುಳ್ಳು. ಕಳುವಾದ ಜಾತಿಯಲ್ಲಿ ರೆಂಬೆಯೇ ಚೂಪಾಗಿ ಮುಳ್ಳಾಗುತ್ತೆ, ಎಲೆ ಇದ್ದೂ ಇಲ್ಲದ ಹಾಗೆ. ಆಗಸ್ಟ್‌ನಲ್ಲಿ ಹೂ ಬಿಟ್ಟಾಗ ಯಾರು ಬೇಕಾದ್ರೂ ಗುರುತು ಹಿಡೀಬಹುದು. ಈಗ ಮಾರ್ಚ್, ಒಂದು ಮೊಗ್ಗೂ ಇಲ್ಲ. ಆದ್ರೂ ಕಿತ್ತವರು ಅಪರೂಪದ್ದನ್ನೇ ಆರಿಸಿದ್ದಾರೆ, ಇದನ್ನ ಮುಟ್ಟಿಲ್ಲ. ನಾವೆಲ್ಲ ಗುಂಡಿ ನೋಡಿದ್ವಿ. ಉಳಿದ ಗಿಡ ನೋಡ್ಲಿಲ್ಲ. ಈ ಊರಲ್ಲಿ ಅಷ್ಟು ವ್ಯತ್ಯಾಸ ಬಲ್ಲವರು ಒಬ್ರೇ—ಅಲ್ವಾ, ಈನಿಡ್?"

ಈನಿಡ್‌ರ ಮುಖ ಬಿಳಚಿಕೊಂಡಿತು.

"ರಸ್ತೆ ಅಗಲ ಮಾಡ್ತಾರಂತೆ... ಬುಲ್ಡೋಜರ್ ಬರೋ ಮುಂಚೆ ಮನೆಗೆ ಸಾಗಿಸೋಣ ಅಂತ... ಗುಂಡಿ ಯಾರಾದ್ರೂ ನೋಡೇ ನೋಡ್ತಾರೆ, ಅದಕ್ಕೇ ನಾನೇ ದೂರು ಕೊಟ್ಟೆ. ಬ್ಯಾರಿ ಹೆಸರು ಮಾತ್ರ ನಾನು ಹೇಳಿಲ್ಲ!"

"ಅವನಲ್ಲ ಅಂತಲೂ ಹೇಳಲಿಲ್ಲ," ಎಂದಳು ಗ್ಲೆನಿಸ್.

ಈನಿಡ್‌ರ ಹಿತ್ತಲಿನಲ್ಲಿ ಕುಂಡಗಳು ಸಾಲಾಗಿದ್ದವು. ಎಲ್ಲ ಒಣಗಿದ್ದವು. ಗರಸಿನ ಆಳಕ್ಕೆ ಇಳಿದ ಬೇರು ಅಗೆಯುವಾಗಲೇ ತುಂಡಾಗಿತ್ತು. ಬ್ಯಾರಿ ಟೋಪಿ ತೆಗೆದ.

"ಕೊನೆಯ ಗಿಡಗಳನ್ನ ನಾನೇ ಕೊಂದೆ," ಎಂದರು ಈನಿಡ್.

"ದಿಣ್ಣೆಯಲ್ಲಿ ಬೀಜ ಇರಬಹುದು," ಎಂದಳು ಗ್ಲೆನಿಸ್. "ಇರುವೆಗಳು ಮಣ್ಣಿನೊಳಗೆ ಎಳೆದುಕೊಂಡು ಹೋಗಿರ್ತವೆ. ಸಿಪ್ಪೆ ಗಟ್ಟಿ, ಬೆಂಕಿಯ ಬಿಸಿ ತಾಗದೆ ಬಿರಿಯೋದಿಲ್ಲ."

ಕೇಸು ನಡೆಯಿತು, ಈನಿಡ್ ತಪ್ಪೊಪ್ಪಿಕೊಂಡು ದಂಡ ಕಟ್ಟಿದರು. ರಸ್ತೆಯನ್ನು ಆಚೆ ಬದಿಗೆ ಅಗಲ ಮಾಡಿದರು. ಇಲಾಖೆಯ ಒಪ್ಪಿಗೆ ಪಡೆದು ಬ್ಯಾರಿಯೇ ದಿಣ್ಣೆಯ ಮೇಲೆ ಒಣ ಕಡ್ಡಿ ಹರಡಿ ಬೆಂಕಿ ಹಚ್ಚಿದ.

ಮಳೆ ಬಂದ ಮೇಲೊಂದು ಬೆಳಿಗ್ಗೆ ಅವನು ಸ್ಟೇಷನ್ನಿಗೆ ಫೋನ್ ಮಾಡಿದ. "ಡೀನ್, ಏನೋ ಹುಟ್ಟಿದೆ. ಆದ್ರೆ ಇದು ಅದಲ್ಲ ಕಣಯ್ಯ! ಮುಳ್ಳೇ ಇಲ್ಲ, ಹಕ್ಕಿ ಪುಕ್ಕದ ಹಾಗಿದೆ!"

ಡೀನ್ ಈನಿಡ್‌ರನ್ನು ಕರೆದುಕೊಂಡು ಹೋದ. ಅವರು ಬೂದಿಯಲ್ಲಿ ಮಂಡಿಯೂರಿ ಮೊಳಕೆಯ ಎಲೆಯನ್ನು ಬೆರಳಿನಿಂದ ಸವರಿ ನೋಡಿದರು.

"ಅದೇ ಇದು. ಎಳೇದರಲ್ಲಿ ಎಲೆ ಹೀಗೇ ಇರುತ್ತೆ. ಮುಳ್ಳು ಆಮೇಲೆ ಬರುತ್ತೆ." ತಲೆ ಎತ್ತಿದರು. "ಅವತ್ತು ನೀನಲ್ಲ ಅಂತ ನಾನು ಹೇಳಬೇಕಿತ್ತು, ಬ್ಯಾರಿ."

"ಹೌದು, ಹೇಳಬೇಕಿತ್ತು," ಎಂದ ಬ್ಯಾರಿ. ಆಮೇಲೆ ಕೈ ಚಾಚಿದ. "ಹುಷಾರು, ಟೀಚರ್. ಈ ಕಡೆ ಕಾಲಿಡಿ. ಅಲ್ಲೂ ಒಂದು ಹುಟ್ಟಿದೆ."