ಫ್ಯಾನಿನ ಕೆಳಗಿನ ಗಾಜುಗಳು

ನೀಲಾವತಿ ಸೆಮಿನಾರ್ ಹಾಲಿನ ಕುರ್ಚಿಗಳನ್ನು ಒಂದೊಂದಾಗಿ ಒರೆಸುತ್ತಿದ್ದಳು. ಬಳ್ಳಾರಿಯ ಧೂಳು ಒರೆಸಿದಷ್ಟೂ ಬಂದು ಕೂರುತ್ತಿತ್ತು. ಹಿಂದಿನ ಸಾಲಿನಲ್ಲಿ ಪಂಪಾವತಿ ಕಣ್ಣು ಮುಚ್ಚಿ ಕಾಲು ಚಾಚಿದ್ದರು. ಪೊಲೀಸ್ ಕೆಲಸದಿಂದ ನಿವೃತ್ತರಾದ ಮೇಲೆ ಈ ಮಿದುಳು ಸಂಶೋಧನಾ ಕೇಂದ್ರದ ಕಾವಲಿನ ಹೊಣೆ ಹೊತ್ತು, ಇಲ್ಲಿನ ಕ್ವಾರ್ಟರ್ಸಿನಲ್ಲೇ ಇದ್ದರು. ನೀಲಾವತಿ ಅವರ ಸಹಾಯಕಿ.

ಬಾಗಿಲು ದೂಡಿಕೊಂಡು ಸಂಶೋಧನಾ ವಿದ್ಯಾರ್ಥಿನಿ ಗೌತಮಿ ಬಂದಳು. ಬೆರಳಿಂದ ಕಣ್ಣೊರೆಸಿಕೊಂಡಳು.

"ಬರ್ರಿ ಮೇಡಂ, ನನ್ನ ಸ್ಲೈಡ್ ಎಲ್ಲಾ ಹಾಳಾಗ್ಯಾವು."

"ಇವತ್ತರ ಸುಮ್ನ ಕುಂದ್ರತೀನಿ ಅಂದ್ಕೊಂಡಿದ್ದೆ," ಎನ್ನುತ್ತ ಪಂಪಾವತಿ ಎದ್ದರು.

ಲ್ಯಾಬಿನಲ್ಲಿ, ಇಲಿಯ ಮಿದುಳಿನ ತೆಳು ಚೂರುಗಳನ್ನು ಅಂಟಿಸಿದ ಗಾಜಿನ ಸ್ಲೈಡುಗಳು ಫ್ಯಾನಿನ ಕೆಳಗೆ ಒಣಗಿ ಬಿದ್ದಿದ್ದವು. ಅವು ತೇವದ ಡಬ್ಬಿಯಲ್ಲೇ ಇರಬೇಕು. ಒಣಗಿದರೆ ವರ್ಷಗಟ್ಟಲೆ ಮಾಡಿದ ಕೆಲಸ ಸತ್ತಂತೆ. ಆದರೆ ಕೆಳಗೆ ಒಗೆದ ಟವೆಲ್ ಹಾಸಿತ್ತು. ಒಂದಕ್ಕೊಂದು ತಾಗಿರಲಿಲ್ಲ, ಒಂದೂ ಒಡೆದಿರಲಿಲ್ಲ. ಎಷ್ಟು ಜೋಪಾನ ಎನಿಸಿತು ನೀಲಾವತಿಗೆ.

ಮಾರ್ಗದರ್ಶಕ ಶಶಿಕಾಂತ್ ವರಾಂಡದವರಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. "ಹಂಪೇಶನದೇ ಕೆಲಸ! ಗೌತಮಿ ಮೇಲೆ ಹೊಟ್ಟೆಕಿಚ್ಚು. ನಿನ್ನೆ ಸಂಜೆ ಮೈಸೂರಿಂದ ಲ್ಯಾಬಿಗೆ ಫೋನ್ ಮಾಡಿ, ಸೆಮಿನಾರ್‌ಗೆ ಸ್ಲೈಡ್ ಆರಿಸಿಡು ಅಂದೆ. ಹೂಂ ಅಂದವನು ಒಂದೂ ಆರಿಸಿಲ್ಲ. ಇವತ್ತೇ ಹೊರಗೆ ಹಾಕ್ತೀನಿ ಈ ದ್ರೋಹಿನ!"

"ನಾ ನಿನ್ನಿ ಮಧ್ಯಾಹ್ನದ ಬಸ್ಸಿಗೇ ಕುರುಗೋಡಿಗೆ ಹೋಗಿದ್ದೆ ಸರ್," ಎಂದ ಬಾಗಿಲಲ್ಲಿ ನಿಂತಿದ್ದ ಸಹ ವಿದ್ಯಾರ್ಥಿ ಹಂಪೇಶ್. ಮುಖ ಬಿಳಿಚಿತ್ತು. "ನನಗ ಯಾರೂ ಫೋನ್ ಮಾಡಿಲ್ಲ."

"ಸುಳ್ಳ!"

ಪಂಪಾವತಿ ಟವೆಲಿನ ಅಂಚು ಮುಟ್ಟಿ ನೋಡಿದರು. ಫೋನಿನ ಕಡೆ ನೋಡಿದರು. "ನೀಲಾ, ಎಲ್ಲಾರನ್ನೂ ಹಾಲಿಗೆ ಕರಿ. ಹೊಸ ಅಟೆಂಡರ್ ಕರಿಬಸವಣ್ಣನ್ನೂ."

ಎಲ್ಲರೂ ಕೂತ ಮೇಲೆ ಪಂಪಾವತಿ ದಣಿದ ದನಿಯಲ್ಲಿ ಶುರುಮಾಡಿದರು.

"ಹಾಳು ಮಾಡಾಕ ಬಂದವ ಟವೆಲ್ ಹಾಸ್ತಾನೇನ್ರಿ? ಇದು ಹೇಳಿದ ಕೆಲಸ ಮಾಡಿದವನ ಕೈ. ಹಂಪೇಶ ಊರಾಗಿರಲಿಲ್ಲ ಅಂದ್ರ ಹೂಂ ಅಂದವ ಬ್ಯಾರೆ, ಲ್ಯಾಬಿನ ಕೆಲಸ ಗೊತ್ತಿಲ್ಲದ ಹೊಸಬ. ಕರಿಬಸವಣ್ಣ, ನಿನ್ನಿ ಫೋನ್ ಎತ್ತಿದವ ನೀನೇನು?"

ಐವತ್ತು ದಾಟಿದ ಕರಿಬಸವ ಎದ್ದು ನಿಂತ. "ಹೌದ್ರಿ. ಕಸ ಹೊಡಿಯಾಕತ್ತಿದ್ದೆ. ಸಾಹೇಬ್ರು ಸ್ಲೈಡ್ ಆರಿಸಿಡು ಅಂದು ಇಟ್ಬಿಟ್ರು. ಡಬ್ಬಿ ತೆಗದ್ರ ಎಲ್ಲಾ ಹಸಿ. ನಮ್ಮೂರು ಹಚ್ಚೊಳ್ಳ್ಯಾಗ ಭತ್ತ ಆರಿಸಿದಂಗ ಗಾಳಿಗೆ ಹರವಿದೆ. ನಮ್ಮನಿ ಟವೆಲ್ಲರಿ ಅದು."

ಯಾರೋ ಕಿಸಕ್ಕೆಂದು ನಕ್ಕು, ಗೌತಮಿಯ ಮುಖ ನೋಡಿ ಸುಮ್ಮನಾದರು.

"ನಾನು ಹೇಳಿದ್ದು ಪರದೆ ಮೇಲೆ ತೋರಿಸೋ ಸ್ಲೈಡು," ಎಂದರು ಶಶಿಕಾಂತ್ ಮೆಲ್ಲಗೆ. "ಚೆನ್ನಾಗಿರೋದನ್ನ ಆಯ್ದಿಡು ಅಂತ."

"ಯಾರು ಎತ್ಯಾರ ಅಂತ ಕೇಳಿದ್ರ ಸಾಕಿತ್ರಿ," ಎಂದು ಪಂಪಾವತಿ ಕೂತುಬಿಟ್ಟರು. ಗೆದ್ದ ಖುಷಿ ಅವರ ಮುಖದಲ್ಲಿರಲಿಲ್ಲ.

ಶಶಿಕಾಂತ್ ಕನ್ನಡಕ ತೆಗೆದು ಒರೆಸತೊಡಗಿದರು. ಗೌತಮಿ ನೆಲ ನೋಡುತ್ತಿದ್ದಳು. ಹಂಪೇಶ್ ಕುರ್ಚಿ ಹಿಡಿದು ಎದ್ದ.

"ಸರ್, ಎಲ್ಲಾರ ಮುಂದ ದ್ರೋಹಿ ಅಂದ್ರಿ. ಅಲ್ಲ ಅಂತನೂ ಎಲ್ಲಾರ ಮುಂದ ಹೇಳ್ರಿ."